ಟ್ರಿಗರಿನಲ್ಲಿ ಅಡಗಿದ ಅಂಜಿಕೆ

ಪಿಸ್ತೂಲು, ರಿವಾಲ್ವರ್‌ಗಳ ಟ್ರಿಗರ್ ಹೇಗಿರಬೇಕು ಎಂಬ ಜಗಳ ಒಂದೂವರೆ ಶತಮಾನ ದಾಟಿದೆ, ಇನ್ನೂ ಮುಗಿದಿಲ್ಲ. ಅಮೆರಿಕದಲ್ಲಿ ಅದು ಎರಡು ಕವಲಾಗಿ ಕೇಳಿಸುತ್ತದೆ. ಸ್ಪರ್ಧೆಗೆ ಯಾವುದು ಮೇಲು, ಅಂಗಿಯ ಮರೆಯಲ್ಲಿ ಒಯ್ಯಲು ಯಾವುದು ಮೇಲು? ಕಣದಲ್ಲಿರುವ ಪಕ್ಷಗಳು ಮೂರು. ಸಿಂಗಲ್ ಆಕ್ಷನ್‌ನಲ್ಲಿ ಹ್ಯಾಮರನ್ನು ಹೆಬ್ಬೆರಳೋ ಪಿಸ್ತೂಲಿನ ಸ್ಲೈಡೋ ಮೊದಲೇ ಹಿಂದಕ್ಕೆ ಎಳೆದು ನಿಲ್ಲಿಸಿರುತ್ತದೆ. ಟ್ರಿಗರ್‌ಗೆ ಅದನ್ನು ಬಿಟ್ಟುಕೊಡುವುದಷ್ಟೇ ಕೆಲಸ, ಆದ್ದರಿಂದ ಅದರ ಎಳೆತ ಗಿಡ್ಡ ಮತ್ತು ಹಗುರ. ಡಬಲ್ ಆಕ್ಷನ್‌ನಲ್ಲಿ ಹ್ಯಾಮರನ್ನು ಎತ್ತುವುದು, ಬಿಡುವುದು ಎರಡೂ ಟ್ರಿಗರಿನ ಪಾಲು. ಎಳೆತ ಉದ್ದ ಮತ್ತು ಭಾರ. ಮೂರನೆಯದು ಸ್ಟ್ರೈಕರ್: ಹೊರಗೆ ಕಾಣುವ ಹ್ಯಾಮರೇ ಇಲ್ಲ, ಸ್ಲೈಡಿನೊಳಗಿನ ಸ್ಪ್ರಿಂಗ್ ತುಂಬಿದ ಕಡ್ಡಿಯೊಂದು ಮುನ್ನುಗ್ಗಿ ತೋಟಾದ ಬೆನ್ನಿಗೆ ಬಡಿಯುತ್ತದೆ, ಎಳೆತ ಸಾಮಾನ್ಯವಾಗಿ ಇವೆರಡರ ನಡುವಿನದು. ಇವನ್ನು ಯಂತ್ರಶಾಸ್ತ್ರದ ಏಣಿಯ ಮೆಟ್ಟಿಲುಗಳಂತೆ, ಹಳೆಯದು ಹೋಗಿ ಉತ್ತಮವಾದದ್ದು ಬಂತು ಎಂಬಂತೆ ವಿವರಿಸುವ ರೂಢಿಯಿದೆ. ದಾಖಲೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಆ ಕಥೆ ನಿಲ್ಲುವುದಿಲ್ಲ. ಪ್ರತಿಯೊಂದು ಬಗೆಯೂ ಹುಟ್ಟಿದ್ದು ಯಾರದೋ ಒಂದು ನಿರ್ದಿಷ್ಟ ಅಂಜಿಕೆಗೆ ಉತ್ತರವಾಗಿ. ಆ ಅಂಜಿಕೆ ಹೆಚ್ಚಿನ ಸಲ ಗುಂಡು ಹಾರಿಸುವ ಗಳಿಗೆಯನ್ನು ಕುರಿತದ್ದಾಗಿರಲಿಲ್ಲ. ಹಾರಿಸದೆ ಕಳೆಯುವ ಸಾವಿರಾರು ಗಂಟೆಗಳನ್ನು ಕುರಿತದ್ದಾಗಿತ್ತು. ಸ್ಪರ್ಧೆಯ ಮೈದಾನ ಅಳೆಯುವುದು ಆ ಗಳಿಗೆಯನ್ನು ಮಾತ್ರ. ಜಗಳ ಮುಗಿಯದಿರಲು ಇದೇ ಕಾರಣವೆಂದು ನನ್ನ ವಾದ.

ಜಗಳದ ಮೊದಲ ಸುತ್ತು ನಡೆದದ್ದು 1851ರಲ್ಲಿ, ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಕಟ್ಟಿದ ಗಾಜಿನ ಅರಮನೆಯ ಮಹಾಪ್ರದರ್ಶನದಲ್ಲಿ. ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ತನ್ನ ರಿವಾಲ್ವರುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದ. ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಹ್ಯಾಮರ್ ಎಳೆಯಬೇಕಾದ ಸಿಂಗಲ್ ಆಕ್ಷನ್. ಅದೇ ವರ್ಷ ಲಂಡನ್ನಿನ ರಾಬರ್ಟ್ ಆ್ಯಡಮ್ಸ್ ಟ್ರಿಗರ್ ಒಂದನ್ನೇ ಎಳೆದು ಹಾರಿಸುವ ರಿವಾಲ್ವರಿಗೆ ಪೇಟೆಂಟ್ ಪಡೆದ. ಅದರ ಹ್ಯಾಮರಿಗೆ ಹೆಬ್ಬೆರಳಿಡಲು ಕೊಂಬೇ ಇರಲಿಲ್ಲ. ಕೋಲ್ಟನ ಪಕ್ಷದವರು ನಿಖರತೆಯ ಮಾತಾಡಿದರು: ಹಗುರ ಟ್ರಿಗರ್ ಗುರಿಯನ್ನು ಅಲುಗಿಸುವುದಿಲ್ಲ, ದೂರದ ಗುರಿಗೂ ನಂಬಬಹುದು. ಆ್ಯಡಮ್ಸ್ ಪಕ್ಷದವರು ವೇಗದ ಮಾತಾಡಿದರು: ಮೈಮೇಲೆ ಬಿದ್ದ ಶತ್ರುವಿನ ಎದುರು ಹೆಬ್ಬೆರಳಿಗೆ ಎಲ್ಲಿಯ ಪುರಸೊತ್ತು? ಎರಡು ಪಕ್ಷವೂ ತಮ್ಮ ತಮ್ಮ ಭೂಗೋಳವನ್ನು ಬಿಟ್ಟು ಮಾತಾಡಲಿಲ್ಲ ಎನ್ನುವುದು ಗಮನಾರ್ಹ. ಕೋಲ್ಟನ ಗಿರಾಕಿಯದು ಬಯಲು ಸೀಮೆ. ಆ್ಯಡಮ್ಸನ ಗಿರಾಕಿ ಕೈಕೈ ಮಿಲಾಯಿಸುವ ವಸಾಹತು ಯುದ್ಧಗಳ ಬ್ರಿಟಿಷ್ ಅಧಿಕಾರಿ. 1855ರಲ್ಲಿ ರಾಯಲ್ ಎಂಜಿನಿಯರ್ಸ್‌ನ ಫ್ರೆಡರಿಕ್ ಬೋಮಾಂಟ್ ಎರಡನ್ನೂ ಒಂದೇ ಬಂದೂಕಿನಲ್ಲಿ ಕೂಡಿಸಿದ. ಬೇಕಾದರೆ ಹೆಬ್ಬೆರಳು, ಬೇಡವಾದರೆ ಬರಿಯ ಟ್ರಿಗರ್. ಮರುವರ್ಷವೇ ಬ್ರಿಟಿಷ್ ಸೇನೆ ಬೋಮಾಂಟ್-ಆ್ಯಡಮ್ಸನ್ನು ಒಪ್ಪಿಕೊಂಡಿತು. 1857ರಲ್ಲಿ ಭಾರತದ ಸಿಪಾಯಿಗಳ ಎದುರು ನಿಂತ ಅಧಿಕಾರಿಗಳ ಸೊಂಟದಲ್ಲಿ ಈ ಎರಡು ಮನೆತನದ ರಿವಾಲ್ವರುಗಳೂ ಇದ್ದವು. ಕೋಲ್ಟ್ ಲಂಡನ್ನಿನಲ್ಲಿ 1853ರಲ್ಲಿ ತೆರೆದ ಕಾರ್ಖಾನೆ ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿತು. ಅಟ್ಲಾಂಟಿಕ್‌ನ ಆಚೆ ಅವನ ಮಾದರಿ ಮಾತ್ರ ಕದಲಲಿಲ್ಲ: 1873ರ ಸಿಂಗಲ್ ಆಕ್ಷನ್ ಆರ್ಮಿ ಅಮೆರಿಕದ ಸೇನೆಯನ್ನು ಸೇರಿತು, ಆಮೇಲೆ ಸಿನಿಮಾಗಳ ಕೌಬಾಯ್‌ಗಳ ಸೊಂಟ ಸೇರಿತು.

ಸಿನಿಮಾ ತೋರಿಸದ ಒಂದು ಸಂಗತಿ ಆ ರಿವಾಲ್ವರಿನಲ್ಲಿತ್ತು. ಅದರಲ್ಲಿ ಆರು ಕೋಣೆ. ಬಲ್ಲವರು ತುಂಬುತ್ತಿದ್ದದ್ದು ಐದೇ ಗುಂಡು. ಇಳಿಸಿದ ಹ್ಯಾಮರಿನ ಮೊನೆ ನೇರವಾಗಿ ತೋಟಾದ ಕೇಪಿನ ಮೇಲೆ ಕೂರುತ್ತಿತ್ತು. ಕೈಜಾರಿ ಬಿದ್ದರೆ, ಜೀನಿನ ಕಬ್ಬಿಣಕ್ಕೆ ತಗುಲಿದರೆ, ಗುಂಡು ಹಾರುತ್ತಿತ್ತು. ಆದ್ದರಿಂದ ಹ್ಯಾಮರಿನ ಕೆಳಗೆ ಖಾಲಿ ಕೋಣೆ ಬಿಡುವ ಅಭ್ಯಾಸ. ಇಲ್ಲಿ ಎಚ್ಚರ ಕೂತಿದ್ದದ್ದು ಮನುಷ್ಯನ ರೂಢಿಯಲ್ಲಿ; ಯಂತ್ರಕ್ಕೆ ಅದರ ಪರಿವೆಯೇ ಇರಲಿಲ್ಲ. ಎಲ್ಲರಿಗೂ ಕಾಣುವಂತೆ ಸೊಂಟಕ್ಕೆ ಕಟ್ಟಿದ ದೊಡ್ಡ ಚರ್ಮದ ಒರೆಯಲ್ಲಿ ಇಂಥ ರೂಢಿ ನಡೆಯುತ್ತದೆ. ಜೇಬಿನ ಕಥೆ ಬೇರೆ. ಜೇಬಿನ ಕಥೆಗೆ ಕಾನೂನಿನ ನೆರಳೂ ಇತ್ತು: ಮರೆಮಾಡಿ ಆಯುಧ ಒಯ್ಯುವುದನ್ನು ಕೆಂಟಕಿ ರಾಜ್ಯ 1813ರಷ್ಟು ಹಿಂದೆಯೇ ನಿಷೇಧಿಸಿತ್ತು, ಬೇರೆ ರಾಜ್ಯಗಳು ಹಿಂಬಾಲಿಸಿದ್ದವು. ತೋರಿಸಿ ಕಟ್ಟಿಕೊಂಡವನು ಮರ್ಯಾದಸ್ಥ, ಅಡಗಿಸಿಕೊಂಡವನು ಕೊಲೆಗಡುಕ ಎನ್ನುವುದು ಆ ಕಾಲದ ನೀತಿ. ನಗರಗಳು ಬೆಳೆದಂತೆ ಅಂಗಡಿಯವನು, ಬ್ಯಾಂಕಿನ ಗುಮಾಸ್ತ, ಇರುಳು ರೈಲಿನ ಪ್ರಯಾಣಿಕ ಎಲ್ಲರೂ ಸಣ್ಣ ರಿವಾಲ್ವರನ್ನು ಕೋಟಿನೊಳಗೆ ಇಳಿಸಿದರು, ನೀತಿ ಪುಸ್ತಕದಲ್ಲಿ ಉಳಿಯಿತು.

ಕೋಟಿನ ಜೇಬಿನಲ್ಲಿ ಹ್ಯಾಮರಿನ ಕೊಂಬು ಎರಡು ತೊಂದರೆ ಕೊಡುತ್ತದೆ. ಹೊರಗೆಳೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಇಲ್ಲವೇ ಅರ್ಧ ಮೇಲೆದ್ದು ಮತ್ತೆ ಬಡಿಯುತ್ತದೆ. ಸ್ಮಿತ್ ಅಂಡ್ ವೆಸನ್ ಕಂಪನಿ 1887ರಲ್ಲಿ ಮಾರುಕಟ್ಟೆಗೆ ತಂದ ಸೇಫ್ಟಿ ಹ್ಯಾಮರ್‌ಲೆಸ್ ರಿವಾಲ್ವರ್ ಈ ಜೇಬನ್ನೇ ಗಮನದಲ್ಲಿಟ್ಟುಕೊಂಡ ಬಂದೂಕು. ಹ್ಯಾಮರ್ ಒಳಗೆ ಹುದುಗಿತ್ತು. ಉದ್ದ, ಭಾರ ಟ್ರಿಗರ್ ಒಂದೇ ದಾರಿ. ಸಾಲದೆಂದು ಹಿಡಿಯ ಬೆನ್ನಿಗೆ ಒಂದು ಒತ್ತುಪಟ್ಟಿ ಸೇರಿಸಿದ್ದರು; ಅಂಗೈ ಅದನ್ನು ಅದುಮದ ಹೊರತು ಗುಂಡು ಹಾರುತ್ತಿರಲಿಲ್ಲ. ಮಗುವೊಂದು ತಂದೆಯ ರಿವಾಲ್ವರಿನಿಂದ ಗಾಯಗೊಂಡ ಸುದ್ದಿ ಕೇಳಿ ಕಂಪನಿಯ ಯಜಮಾನ ಡಿ. ಬಿ. ವೆಸನ್ ಇದನ್ನು ರೂಪಿಸಿದರೆಂಬ ಕಥೆ ಪ್ರಚಲಿತವಾಗಿದೆ. ಕಥೆ ನಿಜವಿರಲಿ, ಜಾಹೀರಾತಿನ ಕೈಚಳಕವಿರಲಿ, ಅದು ಹೇಳುವ ಭಯ ನಿಜವಾದದ್ದು. ಈ ಬಂದೂಕಿನಿಂದ ಯಾರೂ ಪದಕ ಗೆಲ್ಲುವ ಆಸೆ ಇಟ್ಟುಕೊಳ್ಳಲಿಲ್ಲ, ಆದರೂ ಅದು ಸುಮಾರು ಅರ್ಧ ಶತಮಾನ ಮಾರಾಟವಾಯಿತು. ಸ್ಪರ್ಧೆಯ ಕುಲ ಮತ್ತು ಜೇಬಿನ ಕುಲ ಬೇರೆಯಾದದ್ದು ಈ ದಶಕದಲ್ಲೇ ಎನ್ನಬಹುದು.

ವಾದಕ್ಕೆ ಅತ್ಯಂತ ಗಟ್ಟಿ ಸಾಕ್ಷ್ಯ ಸಿಗುವುದು ಮುಂದಿನ ಅಧ್ಯಾಯದಲ್ಲಿ, ಎರಡು ದೇಶಗಳ ಅಶ್ವದಳಗಳಲ್ಲಿ. ಸ್ವಯಂಚಾಲಿತ ಪಿಸ್ತೂಲು ಆಗಷ್ಟೇ ಬಂದಿತ್ತು. ಅದರ ಸ್ವಭಾವವೇ ಬೇರೆ: ಒಂದು ಗುಂಡು ಹಾರಿದೊಡನೆ ಸ್ಲೈಡ್ ಹಿಂದಕ್ಕೆ ಹೋಗಿ ಬಂದು ಮುಂದಿನ ಗುಂಡನ್ನು ತುಂಬಿ, ಹ್ಯಾಮರನ್ನೂ ಎತ್ತಿ ನಿಲ್ಲಿಸಿಬಿಡುತ್ತದೆ. ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಹೀಗೆ ಕೆರಳಿ ನಿಂತ ಪಿಸ್ತೂಲು, ಕೆಳಗೆ ಬೆದರಿದ ಕುದುರೆ. ಸವಾರನ ಬೆರಳು ಅರಿವಿಲ್ಲದೆ ಬಿಗಿದರೆ ಗುಂಡು ಕುದುರೆಯ ಕತ್ತಿಗೋ ಪಕ್ಕದ ಸವಾರನಿಗೋ. ಆಸ್ಟ್ರಿಯಾ-ಹಂಗೆರಿಯ ಅಶ್ವದಳ 1907ರಲ್ಲಿ ಒಪ್ಪಿಕೊಂಡ ರಾತ್-ಸ್ಟೈರ್ ಪಿಸ್ತೂಲು ಇದಕ್ಕೆ ಟ್ರಿಗರಿನೊಳಗೇ ಉತ್ತರ ಇಟ್ಟಿತು. ಸ್ಲೈಡಿನ ಓಡಾಟ ಸ್ಟ್ರೈಕರನ್ನು ಅರ್ಧ ಮಾತ್ರ ಸಿದ್ಧಗೊಳಿಸುತ್ತಿತ್ತು; ಉಳಿದರ್ಧವನ್ನು ಬೆರಳಿನ ಉದ್ದ ಎಳೆತ ಪೂರೈಸಬೇಕು. ಕುದುರೆ ನೆಗೆದಾಗಿನ ಸಣ್ಣ ಬಿಗಿತಕ್ಕೆ ಅದು ಹಾರದು. ಅದೇ ಹೊತ್ತಿಗೆ ಅಮೆರಿಕದಲ್ಲಿ ಜಾನ್ ಬ್ರೌನಿಂಗ್ ತನ್ನ .45 ಪಿಸ್ತೂಲನ್ನು ಸೇನೆಯ ಪರೀಕ್ಷೆಗಳಿಗೆ ಒಡ್ಡುತ್ತಿದ್ದರು. ಹಿಡಿಯ ಒತ್ತುಪಟ್ಟಿ ಅದರಲ್ಲಿತ್ತು, ಟ್ರಿಗರ್ ಹಗುರದ ಸಿಂಗಲ್ ಆಕ್ಷನ್. ಅಶ್ವದಳದವರು ಇಷ್ಟು ಸಾಲದೆಂದರು. ಹ್ಯಾಮರ್ ಎದ್ದಿರುವಾಗಲೇ ಹೆಬ್ಬೆರಳಿನಿಂದ ಬೀಗ ಹಾಕುವಂಥ ಸನ್ನೆಯೊಂದು ಬೇಕೆಂದರು. 1910ರಲ್ಲಿ ಅದು ಸೇರಿತು. 1911ರ ಮಾರ್ಚಿನ ಪರೀಕ್ಷೆಯಲ್ಲಿ 6,000 ಗುಂಡುಗಳನ್ನು ತಡವರಿಸದೆ ಹಾರಿಸಿದ ಪಿಸ್ತೂಲನ್ನು ಸೇನೆ ಅದೇ ತಿಂಗಳು ಅಂಗೀಕರಿಸಿತು. ಎಂ1911 ಎಂದು ಜಗತ್ತು ಕರೆಯುವ ಬಂದೂಕು ಅದೇ.

ಒಂದೇ ಅಂಜಿಕೆ, ನಾಲ್ಕೇ ವರ್ಷಗಳ ಅಂತರ, ಎರಡು ಉತ್ತರ. ಆಸ್ಟ್ರಿಯಾದವರು ಎಚ್ಚರವನ್ನು ಟ್ರಿಗರಿನ ತೂಕದಲ್ಲಿ ಇಟ್ಟರು; ಸವಾರ ಏನನ್ನೂ ನೆನಪಿಟ್ಟುಕೊಳ್ಳಬೇಕಿಲ್ಲ, ಆದರೆ ಪ್ರತಿ ಗುಂಡಿಗೂ ಆ ತೂಕದ ಸುಂಕ ತೆರಬೇಕು. ಅಮೆರಿಕದವರು ಅದನ್ನು ಪ್ರತ್ಯೇಕ ಸನ್ನೆಯಲ್ಲಿ ಇಟ್ಟರು. ಟ್ರಿಗರ್ ಹಗುರವಾಗಿಯೇ ಉಳಿಯಿತು, ಆದರೆ ಸವಾರ ಸನ್ನೆಯನ್ನು ಮರೆಯುವಂತಿಲ್ಲ. ಇವೆರಡರಲ್ಲಿ ಮುಂದುವರಿದ ತಂತ್ರಜ್ಞಾನ ಯಾವುದು ಎಂದು ಕೇಳಿದರೆ ಉತ್ತರವಿಲ್ಲ. ಸುಂಕವನ್ನು ಯಾವಾಗ, ಯಾರು ಕಟ್ಟಬೇಕೆಂಬುದರಲ್ಲಿ ಮಾತ್ರ ವ್ಯತ್ಯಾಸ. ಸ್ಟ್ರೈಕರ್ ಇತ್ತೀಚಿನ ಆವಿಷ್ಕಾರವೆಂದು ನಂಬಿರುವವರು ರಾತ್-ಸ್ಟೈರನ್ನಷ್ಟೇ ಅಲ್ಲ, ಜರ್ಮನಿಯ ಲೂಗರನ್ನೂ, 1914ರಲ್ಲಿ ಸರಾಯೆವೊದಲ್ಲಿ ಗಾವ್ರಿಲೊ ಪ್ರಿನ್ಸಿಪ್ ಕೈಯಲ್ಲಿದ್ದ ಬೆಲ್ಜಿಯಂನ ಎಫ್ಎನ್ 1910 ಪಿಸ್ತೂಲನ್ನೂ ನೆನೆಯಬೇಕು. ಅವೂ ಸ್ಟ್ರೈಕರ್ ಬಂದೂಕುಗಳೇ.

ಎರಡು ಮಹಾಯುದ್ಧಗಳ ನಡುವಿನ ಕಾಲವನ್ನು ಬೇಗ ದಾಟಬಹುದು. ಜರ್ಮನಿಯ ವಾಲ್ಟರ್ ಕಂಪನಿ 1929ರ ಪಿಪಿ ಮಾದರಿಯಲ್ಲಿ ಮೊದಲ ಗುಂಡಿಗೆ ಡಬಲ್ ಆಕ್ಷನ್, ಉಳಿದವಕ್ಕೆ ಸಿಂಗಲ್ ಆಕ್ಷನ್ ಎಂಬ ಮಿಶ್ರ ವ್ಯವಸ್ಥೆಯನ್ನು ಪಿಸ್ತೂಲಿನಲ್ಲಿ ಯಶಸ್ವಿಗೊಳಿಸಿತು; ಹೆಸರೇ ಹೇಳುವಂತೆ ಅದು ಪೊಲೀಸ್ ಪಿಸ್ತೂಲು. 1935ರಲ್ಲಿ ಬಂದ ಬ್ರೌನಿಂಗ್ ಹೈ ಪವರ್ ಸಿಂಗಲ್ ಆಕ್ಷನ್ ದಾರಿಯನ್ನೇ ಹಿಡಿಯಿತು. ಅದರ ಭಾರತೀಯ ರೂಪವನ್ನು ಬಂಗಾಳದ ಇಷಾಪುರ ರೈಫಲ್ ಕಾರ್ಖಾನೆ ತಯಾರಿಸಿತು. ನಮ್ಮ ಸೇನೆ, ಪೊಲೀಸರ ಸೊಂಟದಲ್ಲಿ ದಶಕಗಳಿಂದ ಇರುವ 9 ಎಂಎಂ ಪಿಸ್ತೂಲು ಅದೇ. ಬ್ರಿಟನ್ನಿನಲ್ಲಿ 1938ರಲ್ಲಿ ಎನ್‌ಫೀಲ್ಡ್ ರಿವಾಲ್ವರಿನ ಹ್ಯಾಮರಿನ ಕೊಂಬನ್ನೇ ಕತ್ತರಿಸಿ, ಕೇವಲ ಡಬಲ್ ಆಕ್ಷನ್ ಆಗಿ ಮಾಡಿದರು. ಕಾರಣ ಗುರಿಗಾರಿಕೆಗೆ ಸಂಬಂಧಿಸಿದ್ದೇ ಅಲ್ಲ: ಟ್ಯಾಂಕಿನ ಇಕ್ಕಟ್ಟಿನಲ್ಲಿ ಹತ್ತಿ ಇಳಿಯುವಾಗ ಆ ಕೊಂಬು ಸಿಕ್ಕಿಹಾಕಿಕೊಳ್ಳುತ್ತಿತ್ತು. ಕುದುರೆಯ ಜಾಗಕ್ಕೆ ಟ್ಯಾಂಕು ಬಂದರೂ, ಟ್ರಿಗರನ್ನು ನಿರ್ಧರಿಸಿದ್ದು ಗುಂಡು ಹಾರಿಸದ ಹೊತ್ತಿನ ತೊಂದರೆಯೇ.

ಇಲ್ಲಿ ಬಲವಾದ ಆಕ್ಷೇಪವೊಂದು ಬರುತ್ತದೆ. ಸ್ಪರ್ಧೆಯನ್ನು ಹೀಗೆ ಬದಿಗೆ ಸರಿಸುವುದು ನ್ಯಾಯವೇ? ಒತ್ತಡ, ಗಡಿಯಾರ, ಅಪರಿಚಿತ ಗುರಿಗಳ ನಡುವೆ ಬಂದೂಕು ಹೇಗೆ ನಡೆಯುತ್ತದೆಂದು ತೋರಿಸುವ ಪ್ರಯೋಗಶಾಲೆ ಬೇರೆ ಯಾವುದಿದೆ? ಆಕ್ಷೇಪದಲ್ಲಿ ತೂಕವಿದೆ. ಜೆಫ್ ಕೂಪರ್ ಎಂಬ ಮಾಜಿ ನೌಕಾಯೋಧ 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬಿಗ್ ಬೇರ್ ಸರೋವರದ ಬಳಿ ಆರಂಭಿಸಿದ ಸ್ಪರ್ಧೆಗಳಿಗೆ ಯಾವ ಬಂದೂಕನ್ನಾದರೂ ತರಬಹುದಿತ್ತು, ಹೇಗೆ ಬೇಕಾದರೂ ಹಿಡಿಯಬಹುದಿತ್ತು. ಅಲ್ಲಿಯವರೆಗೆ ಸೊಂಟದ ಮಟ್ಟದಿಂದ ಒಂದೇ ಕೈಯಲ್ಲಿ ಹಾರಿಸುವುದೇ ವೀರಲಕ್ಷಣವಾಗಿತ್ತು. ಲಾಸ್ ಏಂಜಲೀಸ್ ಕೌಂಟಿಯ ಪೊಲೀಸ್ ಅಧಿಕಾರಿ ಜಾಕ್ ವೀವರ್ 1959ರಲ್ಲಿ ಎರಡೂ ಕೈಗಳಲ್ಲಿ ಹಿಡಿದು, ಕಣ್ಣಿನ ಮಟ್ಟಕ್ಕೆ ಎತ್ತಿ, ಗುರಿಮೊಳೆ ನೋಡಿ ಹಾರಿಸಿ ಎಲ್ಲರನ್ನೂ ಹಿಂದೆ ಹಾಕಿದರು. ಆ ನಿಲುವು ಪೊಲೀಸ್ ತರಬೇತಿಯನ್ನೇ ಬದಲಿಸಿತು. ಹಾಗಾಗಿ ಸ್ಪರ್ಧೆಯಿಂದ ರಸ್ತೆಗೆ ಏನೂ ಬರಲಿಲ್ಲವೆಂದು ಹೇಳಿದರೆ ಅದು ಸುಳ್ಳು. ಆದರೆ ಬಂದದ್ದು ಏನು ಎಂದು ನೋಡಬೇಕು: ನಿಲ್ಲುವ ಭಂಗಿ, ಹಿಡಿತ, ಒರೆಯಿಂದ ತೆಗೆಯುವ ಕ್ರಮ, ಅಂದರೆ ದೇಹದ ಪಾಠಗಳು. ಟ್ರಿಗರಿನ ಬಗೆಯ ಮಾತಿಗೆ ಬಂದರೆ ಸ್ಪರ್ಧೆಯ ತೀರ್ಪು ಗೊಂದಲಮಯ. ವೀವರ್ ಕೈಯಲ್ಲಿದ್ದದ್ದು ಸ್ಮಿತ್ ಅಂಡ್ ವೆಸನ್ ರಿವಾಲ್ವರ್. ಅದಕ್ಕೂ ಮೊದಲು, 1932ರಲ್ಲಿ, ಎಡ್ ಮೆಕ್‌ಗಿವರ್ನ್ ಡಬಲ್ ಆಕ್ಷನ್ ರಿವಾಲ್ವರಿನಿಂದ ಐದು ಗುಂಡುಗಳನ್ನು 0.45 ಸೆಕೆಂಡಿನಲ್ಲಿ ಹಾರಿಸಿ, ಭಾರದ ಟ್ರಿಗರ್ ನಿಧಾನವೆಂಬ ಮಾತಿನ ಬಾಯಿ ಮುಚ್ಚಿಸಿದ್ದರು. ಇಷ್ಟಾದರೂ ಕೂಪರರ ಶಿಷ್ಯಪರಂಪರೆ ಎಂ1911ರ ಕಡೆಗೇ ವಾಲಿತು. 1976ರಲ್ಲಿ ಮಿಸ್ಸೂರಿಯ ಕೊಲಂಬಿಯಾದಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಪ್ರಾಯೋಗಿಕ ಶೂಟಿಂಗ್ ಒಕ್ಕೂಟದ, ಅಂದರೆ ಐಪಿಎಸ್‌ಸಿಯ, ಮೊದಲ ದಶಕಗಳಲ್ಲಿ ಆ ಪಿಸ್ತೂಲಿನದೇ ದರ್ಬಾರು.

ಅದಕ್ಕೆ ಭೌತಿಕ ಕಾರಣ ಸರಳ. ತುಂಬಿದ ಪಿಸ್ತೂಲಿನ ತೂಕ ಸುಮಾರು ಒಂದು ಕೆಜಿ ಚಿಲ್ಲರೆ. ಡಬಲ್ ಆಕ್ಷನ್ ಟ್ರಿಗರ್ ಬೇಡುವ ಬಲ ಐದು ಕೆಜಿಯ ಆಸುಪಾಸು. ತನ್ನ ತೂಕದ ನಾಲ್ಕೈದು ಪಟ್ಟು ಬಲವನ್ನು ಒಂದು ಬೆರಳು ಪಕ್ಕದಿಂದ ಹೇರುವಾಗ ಮೂತಿ ಅಲುಗದಂತೆ ನೋಡಿಕೊಳ್ಳಬೇಕಾದದ್ದು ಉಳಿದ ನಾಲ್ಕು ಬೆರಳು. ಮೆಕ್‌ಗಿವರ್ನ್‌ಗೆ ಅದು ಸಾಧ್ಯವಾಯಿತು, ಯಾಕೆಂದರೆ ಅವರು ಅದನ್ನೇ ಬದುಕಾಗಿ ಮಾಡಿಕೊಂಡವರು. ಸ್ಪರ್ಧೆಗೆಂದು ಹದಗೊಳಿಸಿದ ಸಿಂಗಲ್ ಆಕ್ಷನ್ ಟ್ರಿಗರಾದರೋ ಒಂದು ಕೆಜಿಯ ಸುತ್ತಮುತ್ತ ಬಿಟ್ಟುಕೊಡುತ್ತದೆ, ಚಲನೆಯೂ ಕಣ್ಣಿಗೆ ಕಾಣದಷ್ಟು. ಮೈದಾನದಲ್ಲಿ ಇದಕ್ಕೆ ದಂಡವಿಲ್ಲ. ಗುಂಡು ತುಂಬುವುದು ಅಧಿಕಾರಿಯ ಆಜ್ಞೆಯ ಮೇಲೆ, ಖಾಲಿ ಮಾಡುವುದೂ ಅವನ ಕಣ್ಣೆದುರೇ, ಮೂತಿ ಸದಾ ಮಣ್ಣಿನ ದಿಬ್ಬದ ಕಡೆಗೆ. ಎಚ್ಚರದ ಕೆಲಸವನ್ನೆಲ್ಲ ನಿಯಮಪುಸ್ತಕ ಹೊತ್ತಿರುವುದರಿಂದ ಟ್ರಿಗರ್ ಹಗುರಾಗಬಹುದು. ಪಿಸ್ತೂಲಿನ ಎಚ್ಚರವನ್ನು ಸ್ಪರ್ಧೆ ಅಳೆಯುವುದಿಲ್ಲ ಎಂದಾಗ ನಾನು ಹೇಳುತ್ತಿರುವುದು ಇದನ್ನೇ.

ಈ ಮಾತಿಗೆ ಸ್ಪರ್ಧಾ ಸಂಸ್ಥೆಗಳ ನಿಯಮಗಳೇ ಸಾಕ್ಷಿ. ಬಗೆಗಳು ಒಂದರೊಡನೊಂದು ಹೋಲಿಕೆಗೆ ಸಿಗುವಂತಿದ್ದರೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಗೆದ್ದವರನ್ನು ಗೆದ್ದವರೆನ್ನಬಹುದಿತ್ತು. ಹಾಗಾಗಲಿಲ್ಲ. ಐಪಿಎಸ್‌ಸಿ 2000ದ ಹೊತ್ತಿಗೆ ಪ್ರೊಡಕ್ಷನ್ ಎಂಬ ಪ್ರತ್ಯೇಕ ವಿಭಾಗ ಮಾಡಿ, ಸಿಂಗಲ್ ಆಕ್ಷನ್ ಮಾತ್ರವಿರುವ ಪಿಸ್ತೂಲುಗಳನ್ನು ಹೊರಗಿಟ್ಟಿತು. ಮೊದಲ ಗುಂಡಿನ ಟ್ರಿಗರ್ ಕನಿಷ್ಠ 2.27 ಕೆಜಿ ಇರಬೇಕೆಂಬ ಮಿತಿ ಹಾಕಿತು. ಜೆಕ್ ದೇಶದ ಸಿಝಡ್-75ರ ಮನೆತನದ ಮಿಶ್ರ ಪಿಸ್ತೂಲುಗಳು ಆ ವಿಭಾಗದಲ್ಲಿ ಮೆರೆದವು. ಸ್ಪರ್ಧಿಗಳು ಆ ಭಾರದ ಮೊದಲ ಎಳೆತವನ್ನು ದಾಟಿದೊಡನೆ ಉಳಿದ ಗುಂಡುಗಳಿಗೆಲ್ಲ ಹಗುರ ಸಿಂಗಲ್ ಆಕ್ಷನ್ ಸಿಗುತ್ತಿತ್ತಲ್ಲ! ಕೌಬಾಯ್ ಶೈಲಿಯ ಸ್ಪರ್ಧೆ ನಡೆಸುವವರು ಇಂದಿಗೂ ಆರು ಕೋಣೆಯಲ್ಲಿ ಐದೇ ಗುಂಡು ತುಂಬಿಸುತ್ತಾರೆ. ಒಲಿಂಪಿಕ್ ಪರಂಪರೆಯಲ್ಲೂ ಇದೇ ಕಥೆ: 25 ಮೀಟರ್ ಪಿಸ್ತೂಲುಗಳ ಟ್ರಿಗರ್ 1,000 ಗ್ರಾಂ ತೂಕ ಎತ್ತಬೇಕು, 10 ಮೀಟರ್ ಏರ್ ಪಿಸ್ತೂಲಿನದು 500 ಗ್ರಾಂ, 50 ಮೀಟರ್ ಪಿಸ್ತೂಲಿಗೆ ಯಾವ ಮಿತಿಯೂ ಇರಲಿಲ್ಲ. ಉಸಿರು ತಾಗಿದರೆ ಹಾರುವಂಥ ಆ ಟ್ರಿಗರಿನ ವಿಭಾಗದಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದರು; ಅದಾದ ಮೇಲೆ ಒಲಿಂಪಿಕ್ಸ್‌ನಿಂದ ಆ ವಿಭಾಗವನ್ನೇ ಕೈಬಿಟ್ಟರು. ಅಂಥ ಟ್ರಿಗರನ್ನು ಜೇಬಿನಲ್ಲಿಟ್ಟುಕೊಳ್ಳುವ ಯೋಚನೆ ಆ ಕ್ರೀಡೆಯ ಯಾರಿಗೂ ಬಾರದು.

ರಸ್ತೆಯ ಕಡೆ ತಿರುಗಿದರೆ ಅಲ್ಲಿ ಟ್ರಿಗರನ್ನು ರೂಪಿಸಿದ್ದು ಪದಕಕ್ಕಿಂತ ನ್ಯಾಯಾಲಯ. ಅಮೆರಿಕದ ಪೊಲೀಸರ ಕೈಯಲ್ಲಿ 1980ರ ದಶಕದವರೆಗೂ ಡಬಲ್ ಆಕ್ಷನ್ ರಿವಾಲ್ವರೇ ಹೆಚ್ಚು. ಅದರ ಹ್ಯಾಮರನ್ನು ಹೆಬ್ಬೆರಳಿನಿಂದ ಎಳೆದು ಶಂಕಿತನ ಕಡೆ ಹಿಡಿದು ನಿಲ್ಲುವುದು ಒಂದು ರೂಢಿ. ಬೆದರಿದ ಬೆರಳಿಗೆ ಹಗುರ ಟ್ರಿಗರ್ ಸಿಕ್ಕರೆ ಆಗುವುದು ಅನಾಹುತ, ಆಮೇಲೆ ಪರಿಹಾರದ ಮೊಕದ್ದಮೆ. ಲಾಸ್ ಏಂಜಲೀಸ್ ಪೊಲೀಸ್ ಇಲಾಖೆ 1970ರ ದಶಕದಲ್ಲೂ ನ್ಯೂಯಾರ್ಕ್ ಇಲಾಖೆ ಮುಂದಿನ ದಶಕದಲ್ಲೂ ತಮ್ಮ ರಿವಾಲ್ವರುಗಳನ್ನು ಕೇವಲ ಡಬಲ್ ಆಕ್ಷನ್ ಆಗಿಸಿದವು. 1986ರ ಏಪ್ರಿಲ್‌ನಲ್ಲಿ ಮಯಾಮಿಯ ಗುಂಡಿನ ಕಾಳಗದಲ್ಲಿ ಇಬ್ಬರು ಎಫ್‌ಬಿಐ ಅಧಿಕಾರಿಗಳು ಸತ್ತ ಮೇಲೆ ರಿವಾಲ್ವರಿನ ಕಾಲ ಮುಗಿಯಿತು. ಪಿಸ್ತೂಲು ಬೇಕು, ಆದರೆ ಅದರ ಟ್ರಿಗರ್ ರಿವಾಲ್ವರಿನಂತೆ ಸರಳವಾಗಿರಬೇಕು, ಸಾವಿರಾರು ಸಿಪಾಯಿಗಳಿಗೆ ಹೊಸ ಸನ್ನೆಯ ಪಾಠ ಹೇಳುತ್ತ ಕೂರಲಾಗದು: ಇಲಾಖೆಗಳ ಬೇಡಿಕೆ ಇಷ್ಟೇ.

ಉತ್ತರ ಮತ್ತೆ ಆಸ್ಟ್ರಿಯಾದಿಂದಲೇ ಬಂತು. ಅದುವರೆಗೆ ಬಂದೂಕನ್ನೇ ಮಾಡಿರದ ಗಾಸ್ಟನ್ ಗ್ಲಾಕ್ ರೂಪಿಸಿದ ಪಿಸ್ತೂಲನ್ನು 1982ರಲ್ಲಿ ಆಸ್ಟ್ರಿಯಾದ ಸೇನೆ ಆರಿಸಿತು. ಪಾಲಿಮರ್ ಮೈ, 17 ಗುಂಡು, ಹೊರಗೆ ಸನ್ನೆಯಿಲ್ಲ. ಸ್ಲೈಡ್ ಸ್ಟ್ರೈಕರನ್ನು ಭಾಗಶಃ ಸಿದ್ಧಗೊಳಿಸುತ್ತದೆ, ಉಳಿದದ್ದನ್ನು ಸುಮಾರು ಎರಡೂವರೆ ಕೆಜಿಯ ಟ್ರಿಗರ್ ಪೂರೈಸುತ್ತದೆ. 1907ರ ಅಶ್ವದಳದ ಯುಕ್ತಿ ಪ್ಲಾಸ್ಟಿಕ್ಕಿನಲ್ಲಿ ಮರಳಿ ಬಂದಂತೆ. ಒಂದೇ ದೇಶದ ಈ ಎರಡು ಪಿಸ್ತೂಲುಗಳ ಹೋಲಿಕೆಯ ಕಡೆ ಹೆಚ್ಚಿನವರು ಗಮನ ಹರಿಸದಿರುವುದು ಸೋಜಿಗ. ಟ್ರಿಗರಿನ ಮುಖದಲ್ಲೇ ಒಂದು ಪುಟ್ಟ ತಡೆಸನ್ನೆ. ಬೆರಳು ಸರಿಯಾಗಿ ಇಟ್ಟರೆ ಅದು ತಾನೇ ಸರಿಯುತ್ತದೆ. ಬೆರಳು ಅಲ್ಲಿ ಇಡಬಾರದ ಹೊತ್ತಿನಲ್ಲಿ ಇಟ್ಟರೂ ಅದು ಸರಿಯುತ್ತದೆ, ತೊಂದರೆ ಇರುವುದು ಅಲ್ಲೇ. ವಾಷಿಂಗ್ಟನ್ ನಗರದ ಪೊಲೀಸರು 1980ರ ದಶಕದ ಕೊನೆಯಲ್ಲಿ ಗ್ಲಾಕ್‌ಗೆ ಬದಲಾದರು. ಮುಂದಿನ ಹತ್ತು ವರ್ಷಗಳಲ್ಲಿ 120ಕ್ಕೂ ಹೆಚ್ಚು ಬಾರಿ ಅವರ ಪಿಸ್ತೂಲುಗಳಿಂದ ಆಕಸ್ಮಿಕವಾಗಿ ಗುಂಡು ಹಾರಿದ್ದನ್ನು ವಾಷಿಂಗ್ಟನ್ ಪೋಸ್ಟ್ 1998ರಲ್ಲಿ ಲೆಕ್ಕಹಾಕಿ ಪ್ರಕಟಿಸಿತು. ನ್ಯೂಯಾರ್ಕ್ ಇಲಾಖೆ ಈ ಭಯದಿಂದ ಇನ್ನೊಂದು ತುದಿಗೆ ಹೋಯಿತು: 1990ರ ದಶಕದಲ್ಲಿ ಪಿಸ್ತೂಲಿಗೆ ಒಪ್ಪಿಗೆ ಕೊಟ್ಟ ಮೇಲೆ, ಗಟ್ಟಿ ಸ್ಪ್ರಿಂಗ್ ಹಾಕಿಸಿ ಟ್ರಿಗರನ್ನು 12 ಪೌಂಡಿಗೆ, ಅಂದರೆ ಸುಮಾರು 5.4 ಕೆಜಿಗೆ ಏರಿಸಿತು. ಹಳೆಯ ರಿವಾಲ್ವರಿನ ತೂಕ ಹೊಸ ಪಿಸ್ತೂಲಿನೊಳಗೆ ಹೀಗೆ ಮರಳಿತು. ಅದಕ್ಕೂ ಬೆಲೆ ಕಟ್ಟಬೇಕಾಯಿತು. ಗುಂಡಿನ ಕಾಳಗಗಳಲ್ಲಿ ಆ ಇಲಾಖೆಯವರ ಗುಂಡುಗಳಲ್ಲಿ ಗುರಿ ಸೇರಿದ್ದು ಶೇಕಡ 18 ಎಂದು 2008ರ ರಾಂಡ್ ಸಂಸ್ಥೆಯ ಅಧ್ಯಯನ ಹೇಳಿತು; ಹಗುರ ಟ್ರಿಗರಿನ ಸಾಧ್ಯತೆಯನ್ನು ಪರಿಶೀಲಿಸಲೂ ಸಲಹೆ ಕೊಟ್ಟಿತು. 2012ರ ಆಗಸ್ಟ್ 24ರಂದು ಎಂಪೈರ್ ಸ್ಟೇಟ್ ಕಟ್ಟಡದ ಎದುರು ಇಬ್ಬರು ಪೊಲೀಸರು ಕೊಲೆಗಾರನೊಬ್ಬನ ಮೇಲೆ 16 ಗುಂಡು ಹಾರಿಸಿದಾಗ, ನೇರ ಗುಂಡಿನಿಂದಲೋ ಚೂರುಗಳಿಂದಲೋ ಗಾಯಗೊಂಡ ದಾರಿಹೋಕರು ಒಂಬತ್ತು ಮಂದಿ. ಎಲ್ಲ ತಪ್ಪನ್ನೂ ಸ್ಪ್ರಿಂಗಿನ ತಲೆಗೆ ಕಟ್ಟಲಾಗದು; ಆಮೇಲಿನ ಟೀಕೆಯಲ್ಲಿ ಟ್ರಿಗರಿನ ತೂಕದ ಹೆಸರು ಮತ್ತೆ ಮತ್ತೆ ಬಂದದ್ದಂತೂ ಹೌದು.

ಇದನ್ನೆಲ್ಲ ಕೇಳಿ, ತರಬೇತಿ ಇದ್ದರೆ ಯಾವ ಬಗೆಯಾದರೇನು ಎನ್ನುವವರಿದ್ದಾರೆ. ವಾಷಿಂಗ್ಟನ್ನಿನ ಅಪಘಾತಗಳಿಗೆ ಪತ್ರಿಕೆ ಕೂಡ ಮುಖ್ಯವಾಗಿ ದೂರಿದ್ದು ತರಬೇತಿಯ ಕೊರತೆಯನ್ನೇ. ಮಾತು ಸರಿ, ಆದರೆ ಅರ್ಧ. ಅನಂತ ತರಬೇತಿ ಸಿಕ್ಕವನಿಗೆ ಎಲ್ಲ ಬಗೆಯೂ ಒಂದೇ ಆದೀತು, ಅಂಥವರು ಬೆರಳೆಣಿಕೆಯಷ್ಟು. ಇಲಾಖೆಗೆ ಇರುವುದು ಸೀಮಿತ ಗಂಟೆ, ಸೀಮಿತ ಗುಂಡು. ಬಗೆಯ ಆಯ್ಕೆಯೆಂದರೆ ಆ ಸೀಮಿತ ಗಂಟೆಗಳನ್ನು ಎಲ್ಲಿ ವ್ಯಯಿಸಬೇಕೆಂಬ ಆಯ್ಕೆ. ಎಂ1911ನ್ನು ಕೊಟ್ಟರೆ ಆ ಗಂಟೆಗಳು ಸನ್ನೆಯ ಪಾಠಕ್ಕೆ ಹೋಗುತ್ತವೆ; ಮಿಶ್ರ ಪಿಸ್ತೂಲು ಕೊಟ್ಟರೆ ಮೊದಲ ಭಾರದ ಎಳೆತದಿಂದ ಎರಡನೆಯ ಹಗುರ ಎಳೆತಕ್ಕೆ ಜಾರುವುದನ್ನು ಕಲಿಸಲು; ಸ್ಟ್ರೈಕರ್ ಕೊಟ್ಟರೆ ಬೆರಳನ್ನು ಟ್ರಿಗರಿನಿಂದ ಹೊರಗಿಡುವುದನ್ನು ಕಲಿಸಲು. ತರಬೇತಿಯ ಮಾತು ಬಗೆಯ ಪ್ರಶ್ನೆಯನ್ನು ಅಳಿಸುವ ಬದಲು ಅದನ್ನೇ ಇನ್ನೊಂದು ರೂಪದಲ್ಲಿ ಕೇಳುತ್ತದೆ.

ಜನಸಾಮಾನ್ಯರು ಒಯ್ಯುವ ಬಂದೂಕಿನ ವಿಷಯದಲ್ಲಿ ಇದು ಇನ್ನಷ್ಟು ಚುರುಕು. ಅರ್ಹರೆಲ್ಲರಿಗೂ ಮರೆಯಲ್ಲಿ ಒಯ್ಯುವ ಪರವಾನಗಿ ಕೊಡಬೇಕೆಂದು ಫ್ಲೋರಿಡಾ 1987ರಲ್ಲಿ ಕಾನೂನು ಮಾಡಿತು. ರಾಜ್ಯದ ಮೇಲೆ ರಾಜ್ಯ ಅದನ್ನು ಅನುಸರಿಸಿತು. 1813ರ ನೀತಿ ತಲೆಕೆಳಗಾಯಿತು. 1996ರಲ್ಲಿ ಇಂಥ ಬಂದೂಕುಗಳಿಗಾಗಿಯೇ, ಅಂಗಿಯ ಮರೆಯಿಂದ ತೆಗೆದು ಹಾರಿಸುವ ಸ್ಪರ್ಧೆಯೊಂದು, ಐಡಿಪಿಎ ಹೆಸರಿನಲ್ಲಿ ಹುಟ್ಟಿತು. ಅದಾದರೂ ಬಗೆಗಳನ್ನು ಬೇರೆ ಬೇರೆ ವಿಭಾಗಗಳಲ್ಲಿ ಕೂರಿಸದೆ ಇರಲಾಗಲಿಲ್ಲ. ಗ್ಲಾಕ್ ಮತ್ತು ಅದರ ಅನುಯಾಯಿಗಳು ಮೈದಾನ, ಜೇಬು ಎರಡನ್ನೂ ಗೆದ್ದಿವೆ, ಜಗಳ ಮುಗಿಯಿತು ಎನ್ನುವವರಿಗೆ ನಾನು ತೋರಿಸುವುದು 2017ನ್ನು. ಆ ವರ್ಷದ ಜನವರಿಯಲ್ಲಿ ಅಮೆರಿಕದ ಸೇನೆ ಮಿಶ್ರ ಬಗೆಯ ಬೆರೆಟಾವನ್ನು ಬಿಟ್ಟು ಸಿಗ್ ಪಿ320 ಎಂಬ ಸ್ಟ್ರೈಕರ್ ಪಿಸ್ತೂಲಿನ ಸೇನಾ ರೂಪವನ್ನು ಆರಿಸಿತು. ಸ್ಟ್ರೈಕರಿನ ಪೂರ್ಣ ವಿಜಯವೆಂದು ಬರೆಯಬಹುದಾಗಿತ್ತು. ಆದರೆ ಸೇನೆಯ ಪಿಸ್ತೂಲಿಗೆ ಹೆಬ್ಬೆರಳಿನ ಸನ್ನೆಯೂ ಇತ್ತು, 1910ರ ಅಶ್ವದಳ ಕೇಳಿದ ಅದೇ ಸನ್ನೆ. ಅದೇ ಆಗಸ್ಟಿನಲ್ಲಿ, ನಾಗರಿಕರಿಗೆ ಮಾರಿದ ಮಾದರಿ ಒಂದು ಕೋನದಲ್ಲಿ ಬಿದ್ದರೆ ಗುಂಡು ಹಾರಬಹುದೆಂಬುದು ಪರೀಕ್ಷೆಗಳಲ್ಲಿ ಕಂಡು, ಕಂಪನಿ ಟ್ರಿಗರ್ ಭಾಗಗಳನ್ನು ಬದಲಿಸಿಕೊಡಲು ಮುಂದಾಯಿತು. ಹ್ಯಾಮರಿನ ಕೆಳಗೆ ಖಾಲಿ ಕೋಣೆ ಬಿಡುತ್ತಿದ್ದವರ ಭಯವೂ ಇದೇ ಆಗಿತ್ತು. ಸ್ಪರ್ಧೆಯವನು ಹಗುರ ಟ್ರಿಗರ್ ಆರಿಸಿದರೆ ಅವನ ಲೆಕ್ಕ ಸರಿ. ತಿಂಗಳಿಗೊಮ್ಮೆಯೂ ಅಭ್ಯಾಸ ಮಾಡದೆ ವರ್ಷವಿಡೀ ಸೊಂಟದಲ್ಲಿ ಹೊರುವವನು ಅದೇ ಟ್ರಿಗರನ್ನು ಸ್ಪರ್ಧೆಯ ಫಲಿತಾಂಶ ನೋಡಿ ಆರಿಸಿದರೆ, ತನ್ನದಲ್ಲದ ಲೆಕ್ಕವನ್ನು ನಕಲು ಮಾಡಿದಂತೆ. 1887ರ ಕೊಂಬಿಲ್ಲದ ರಿವಾಲ್ವರಿನ ಉದ್ದ ಎಳೆತ ಅವನಿಗೆ ಹೆಚ್ಚು ಒಪ್ಪುತ್ತದೆ ಎಂದೇ ನಾನು ಭಾವಿಸುತ್ತೇನೆ. ಅಂಥ ರಿವಾಲ್ವರುಗಳು ಇಂದಿಗೂ ಮಾರಾಟವಾಗುತ್ತಿರುವುದು ಹಳೆಯದರ ಮೋಹದಿಂದಲ್ಲ.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಈ ಜಗಳಕ್ಕೆ ಹೆಚ್ಚು ಆಸ್ಪದ ಕೊಟ್ಟಿಲ್ಲ. 9 ಎಂಎಂ ನಾಗರಿಕರಿಗೆ ನಿಷಿದ್ಧ ಬೋರ್. ಸ್ವರಕ್ಷಣೆಗೆ ಪರವಾನಗಿ ಸಿಕ್ಕವರು ಹೆಚ್ಚಾಗಿ .32ರ ಸುತ್ತಲೇ ಉಳಿಯುತ್ತಾರೆ. 2014ರ ಜನವರಿಯಲ್ಲಿ ಕಾನ್ಪುರದ ಫೀಲ್ಡ್ ಗನ್ ಕಾರ್ಖಾನೆ ಮಹಿಳೆಯರಿಗೆಂದು ನಿರ್ಭೀಕ್ ಎಂಬ ಹೆಸರಿನಲ್ಲಿ ಹೊರತಂದದ್ದು 500 ಗ್ರಾಂ ತೂಕದ .32 ರಿವಾಲ್ವರ್, ಬ್ರಿಟನ್ನಿನ ವೆಬ್ಲಿ ಕಂಪನಿಯ ಹಳೆಯ ಮನೆತನದ್ದು. ಜಗತ್ತೆಲ್ಲ ಸ್ಟ್ರೈಕರಿನ ಹಿಂದೆ ಓಡುತ್ತಿದ್ದಾಗ ಇದೇನು ಹಳೆಯ ಸರಕು ಎಂದು ಕೇಳಿದವರಿದ್ದರು. ಸುಮಾರು 1.22 ಲಕ್ಷ ರೂಪಾಯಿಯ ಬೆಲೆಯ ಬಗ್ಗೆ, ಬಂದೂಕಿನಿಂದ ಹೆಂಗಸರ ಸುರಕ್ಷತೆ ಸಾಧ್ಯವೇ ಎಂಬುದರ ಬಗ್ಗೆ ಎದ್ದ ಪ್ರಶ್ನೆಗಳು ನ್ಯಾಯವಾದವೇ. ಕೈಚೀಲದಲ್ಲಿ ತಿಂಗಳುಗಟ್ಟಲೆ ಮಲಗಿರುವ ಬಂದೂಕಿಗೆ ರಿವಾಲ್ವರನ್ನು ಆರಿಸಿದ್ದರಲ್ಲಿ ಮಾತ್ರ ತಪ್ಪು ಹುಡುಕುವುದು ಕಷ್ಟ. ಸೆಂಟರ್-ಫೈರ್ ಪಿಸ್ತೂಲು ಸ್ಪರ್ಧೆಗೆ ಇಳಿಯುವ ನಮ್ಮ ಶೂಟರ್‌ಗಳೂ .32 ತೋಟಾವನ್ನೇ ತುಂಬುತ್ತಾರೆ, ಜರ್ಮನಿ ಇಲ್ಲವೇ ಇಟಲಿಯಿಂದ ತರಿಸಿದ ಸಿಂಗಲ್ ಆಕ್ಷನ್ ಪಿಸ್ತೂಲುಗಳಿಗೆ. ಸ್ಪರ್ಧೆ ಶುರುವಾಗುವ ಮೊದಲು ತೀರ್ಪುಗಾರರು 1,000 ಗ್ರಾಂ ಬಟ್ಟನ್ನು ಟ್ರಿಗರಿಗೆ ತೂಗುಹಾಕಿ ನೋಡುತ್ತಾರೆ.